ಲೆಕ್ಕಪುಸ್ತಕಕ್ಕೆ ಬಾರದ ಹಲಗೆ

ಮರಗೆಲಸದ ಉದ್ಯಮದಲ್ಲಿ ಕಳೆದ ಒಂದೂವರೆ-ಎರಡು ದಶಕಗಳಿಂದ ಆಗಿರುವ ಬದಲಾವಣೆ ಸಾಮಾನ್ಯವಾದುದಲ್ಲ. ಮಾಡ್ಯುಲರ್ ಅಡುಗೆಮನೆ, ವಾರ್ಡ್‌ರೋಬ್, ಜಾಲಿ ಕೆತ್ತನೆ, ಅಂಗಡಿಗಳ ನಾಮಫಲಕ ಮುಂತಾದ ಕೆಲಸಗಳಿಗೆ ಸಿಎನ್‌ಸಿ ರೂಟರ್ ಯಂತ್ರ ಅನಿವಾರ್ಯ ಎನ್ನುವಂತಾಗಿದೆ. ಪೀಣ್ಯ, ಬೈಕಂಪಾಡಿ, ಉದ್ಯಮಬಾಗದಂತಹ ಕೈಗಾರಿಕಾ ಪ್ರದೇಶಗಳನ್ನು ದಾಟಿ ತಾಲೂಕು ಕೇಂದ್ರಗಳ ಸಣ್ಣ ಶೆಡ್ಡುಗಳಿಗೂ ಈ ಯಂತ್ರ ಬಂದಿದೆ. ಯಂತ್ರದ ಬೆಲೆ, ಬ್ಯಾಂಕಿನ ಸಾಲ, ಮಾಸಿಕ ಕಂತು, ವಿಮೆ, ಸವಕಳಿ ಇವೆಲ್ಲವೂ ಲೆಕ್ಕಪುಸ್ತಕದಲ್ಲಿ ಅಚ್ಚುಕಟ್ಟಾಗಿ ದಾಖಲಾಗುತ್ತವೆ. ಆದರೆ ಅದೇ ಯಂತ್ರದ ಮೇಜಿನ ಮೇಲೆ ಹಾಸಿರುವ, ಎಂಟು ಅಡಿ ಉದ್ದ ನಾಲ್ಕು ಅಡಿ ಅಗಲದ ಒಂದು ಎಂಡಿಎಫ್ ಹಲಗೆಯ ಲೆಕ್ಕ ಮಾತ್ರ ಯಾವ ಪುಟದಲ್ಲಿಯೂ ಸಿಗುವುದಿಲ್ಲ. ಯಂತ್ರ ಗಳಿಸುವುದೋ ಕಳೆಯುವುದೋ ಎಂಬುದು ಬಹಳಷ್ಟು ಮಟ್ಟಿಗೆ ಈ ಹಲಗೆಯ ಸ್ಥಿತಿಯನ್ನು ಅವಲಂಬಿಸಿದೆ.

ಕಾರ್ಯಾಗಾರಗಳಲ್ಲಿ ಇದನ್ನು ಸ್ಪಾಯಿಲ್ ಬೋರ್ಡ್ ಎನ್ನುತ್ತಾರೆ. ಬಿಟ್ಟಿನ ಏಟನ್ನು ತಾನು ತಿಂದು ಕೆಳಗಿನ ಬೆಲೆಬಾಳುವ ಮೇಜನ್ನು ಕಾಯುವುದು ಇದರ ಒಂದು ಕೆಲಸ. ವ್ಯಾಕ್ಯೂಮ್ ಮೇಜಿನ ಯಂತ್ರಗಳಲ್ಲಿ ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವಿದೆ. ಎಂಡಿಎಫ್ ನೋಡಲು ಗಟ್ಟಿಯಾಗಿದ್ದರೂ ಅದರೊಳಗೆ ಗಾಳಿ ಹಾಯುತ್ತದೆ. ಕೆಳಗಿನ ಪಂಪು ಗಾಳಿಯನ್ನು ಹೀರಿಕೊಂಡಾಗ ಆ ಹೀರುವಿಕೆ ಹಲಗೆಯ ಮೂಲಕವೇ ಮೇಲಿನ ಶೀಟನ್ನು ತಲುಪುತ್ತದೆ. ಕ್ಲಾಂಪು, ಮೊಳೆ, ಸ್ಕ್ರೂ ಯಾವುದೂ ಇಲ್ಲದೆ ಶೀಟು ನಿಂತಲ್ಲಿ ನಿಲ್ಲುವುದು ಹೀಗೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳುವುದು ಅಗತ್ಯ. ಪಂಪು ಶೀಟನ್ನು ಎಳೆದು ಹಿಡಿಯುವುದಿಲ್ಲ. ಮೇಲಿನಿಂದ ಅದನ್ನು ಒತ್ತಿ ಹಿಡಿಯುವುದು ವಾತಾವರಣ. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1.03 ಕಿಲೋಗ್ರಾಂ ಒತ್ತಡವಿರುತ್ತದೆ. ಪಂಪು ಶೀಟಿನ ಕೆಳಗಿನ ಒತ್ತಡವನ್ನು ಶೇ. 60ರಷ್ಟು ತಗ್ಗಿಸಿದರೆ ಚದರ ಸೆಂಟಿಮೀಟರಿಗೆ 0.6 ಕಿಲೋಗ್ರಾಂನಷ್ಟು ಹಿಡಿತ ದೊರೆಯುತ್ತದೆ. ಎಂಟು-ನಾಲ್ಕು ಅಡಿಯ ಇಡೀ ಶೀಟಿಗೆ ಲೆಕ್ಕ ಹಾಕಿದರೆ ಇದು 18 ಟನ್ನಿಗೆ ಸಮ. ಆದರೆ ಅದೇ ಶೀಟಿನಿಂದ ಕತ್ತರಿಸಿದ ಹತ್ತು-ಹತ್ತು ಸೆಂಟಿಮೀಟರಿನ ತುಂಡಿನ ಮೇಲೆ ಬೀಳುವುದು ಕೇವಲ 60 ಕಿಲೋಗ್ರಾಂ. ಬಿಟ್ಟು ತಳ್ಳುವುದು ಪಕ್ಕಕ್ಕೆ. ಅದನ್ನು ತಡೆಯಲು ಘರ್ಷಣೆಯ ರೂಪದಲ್ಲಿ ಒದಗುವುದು ಇದರ ಒಂದು ಅಂಶ ಮಾತ್ರ. ದೊಡ್ಡ ಬಾಗಿಲುಗಳು ಸರಿಯಾಗಿ ಬಂದು, ಡ್ರಾಯರಿನ ಸಣ್ಣ ಪಟ್ಟಿಗಳು ಮಾತ್ರ ಜಾರಿ ಹಾಳಾಗುವುದರ ಗುಟ್ಟು ಇದು. ಸಣ್ಣ ತುಂಡಿಗೆ ಮೊದಲೇ ಹಿಡಿತ ಕಡಿಮೆಯಿರುವುದರಿಂದ ಸ್ವಲ್ಪ ಸೋರಿಕೆಯನ್ನೂ ಅದು ತಾಳಲಾರದು.

ಕರ್ನಾಟಕದ ಉದ್ಯಮಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ ಇನ್ನೊಂದಿದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿನ ವಾತಾವರಣದ ಒತ್ತಡ ಮಂಗಳೂರಿನದಕ್ಕಿಂತ ಸರಿಸುಮಾರು ಹತ್ತನೆಯ ಒಂದು ಭಾಗದಷ್ಟು ಕಡಿಮೆ. ಒಂದೇ ತಯಾರಕರ ಒಂದೇ ಪಂಪು ಮಂಗಳೂರಿನಲ್ಲಿ ಗೇಜಿನ ಮೇಲೆ 0.9 ಬಾರ್ ತೋರಿಸಿದರೆ ಬೆಂಗಳೂರಿನಲ್ಲಿ 0.8ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಪಂಪು ಕೆಟ್ಟಿದೆಯೆಂದು ಮಾರಾಟಗಾರರೊಡನೆ ವಾದಕ್ಕಿಳಿಯುವ ಮೊದಲು ಇದನ್ನು ತಿಳಿದಿರುವುದು ಒಳ್ಳೆಯದು. ವಾತಾವರಣವೇ ಕೊಡದ ಒತ್ತಡವನ್ನು ಯಾವ ಪಂಪೂ ತಂದುಕೊಡಲಾರದು. ಕರಾವಳಿಯ ಘಟಕಕ್ಕೆ ದಕ್ಕುವ ಉಳಿಕೆ ಬಲ ಬಯಲುಸೀಮೆಯ ಘಟಕಕ್ಕೆ ಇಲ್ಲವಾದ್ದರಿಂದ, ಅಲ್ಲಿ ಹಲಗೆಯ ಆರೈಕೆಯಲ್ಲಿ ಅಷ್ಟೇ ಹೆಚ್ಚಿನ ಎಚ್ಚರ ಬೇಕಾಗುತ್ತದೆ.

ಹಲಗೆ ಕೆಡುವ ಬಗೆ ಹೀಗಿದೆ. ಶೀಟು ಪೂರ್ತಿ ಕತ್ತರಿಸಿ ಬೇರ್ಪಡಬೇಕಾದರೆ ಬಿಟ್ಟು ಶೀಟನ್ನು ದಾಟಿ 0.1ರಿಂದ 0.2 ಮಿಲಿಮೀಟರಿನಷ್ಟು ಹಲಗೆಯೊಳಕ್ಕೆ ಇಳಿಯಲೇಬೇಕು. ಪ್ರತಿ ಕತ್ತರಿಕೆಗೂ ಒಂದು ಗೀರು ಉಳಿಯುತ್ತದೆ. ದಿನಕ್ಕೆ ಹತ್ತಾರು ಶೀಟು ಕತ್ತರಿಸುವ ಘಟಕದಲ್ಲಿ ವಾರ ಕಳೆಯುವಷ್ಟರಲ್ಲಿ ಹಲಗೆಯ ಮೇಲೆ ಗೀರುಗಳ ಬಲೆಯೇ ಹರಡಿಕೊಂಡಿರುತ್ತದೆ. ಪ್ರತಿ ಗೀರೂ ಹೊರಗಾಳಿ ಶೀಟಿನ ಅಂಚಿನಿಂದ ಒಳಗೆ ನುಸುಳುವ ಒಂದೊಂದು ಕಾಲುವೆ. ಇನ್ನೊಂದೆಡೆ ನುಣುಪು ಮರದ ಪುಡಿ ಹಲಗೆಯ ರಂಧ್ರಗಳಲ್ಲಿ ಕೂತು, ಗಾಳಿ ಹಾಯಬೇಕಾದ ಕಡೆ ಹಾಯದಂತೆ ಮಾಡುತ್ತದೆ. ಬೇಡದ ಕಡೆ ಸೋರಿಕೆ, ಬೇಕಾದ ಕಡೆ ತಡೆ. ಹಿಡಿತ ಕುಗ್ಗಿ ಶೀಟಿನ ಮೂಲೆ ಮೇಲೆದ್ದರೆ ಆ ಭಾಗ ಪೂರ್ತಿ ಕತ್ತರಿಸುವುದಿಲ್ಲ. ಆಗ ಆಪರೇಟರ್ ಕಂಡುಕೊಳ್ಳುವ ಉಪಾಯ ಬಿಟ್ಟನ್ನು ಇನ್ನೂ ಅರ್ಧ ಮಿಲಿಮೀಟರ್ ಕೆಳಗಿಳಿಸುವುದು. ಅಂದಿನ ಕೆಲಸವೇನೋ ಸಾಗುತ್ತದೆ. ಗೀರುಗಳು ಮಾತ್ರ ಮತ್ತಷ್ಟು ಆಳವಾಗಿ, ಸೋರಿಕೆ ಮತ್ತಷ್ಟು ಹೆಚ್ಚಿ, ಮುಂದಿನ ವಾರ ಇನ್ನೂ ಆಳಕ್ಕೆ ಇಳಿಸಬೇಕಾಗುತ್ತದೆ.

ಈ ಹಂತದಲ್ಲಿ ದೂರು ಮಾಲೀಕರವರೆಗೆ ಹೋಗುತ್ತದೆ. "ಹಿಡಿತ ಸಾಲುತ್ತಿಲ್ಲ" ಎಂಬ ಮಾತಿಗೆ ಸಾಮಾನ್ಯವಾಗಿ ದೊರೆಯುವ ಉತ್ತರ ಇನ್ನೊಂದು ಪಂಪು. ಇದರ ಖರ್ಚನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಸೂಕ್ತ. 7.5 ಕಿಲೋವ್ಯಾಟಿನ ಪಂಪು ಪೂರ್ಣ ಹೊರೆಯಲ್ಲಿ ದಿನಕ್ಕೆ ಎಂಟು ಗಂಟೆ ನಡೆದರೆ 60 ಯೂನಿಟ್. ಯೂನಿಟ್ಟಿಗೆ ರೂ. 8 ಎಂದು ಹಿಡಿದರೆ ದಿನಕ್ಕೆ ರೂ. 480, ತಿಂಗಳ 25 ಕೆಲಸದ ದಿನಗಳಿಗೆ ರೂ. 12,000. ಪಂಪಿನ ಬೆಲೆ, ಅದರ ಮೇಲಿನ ಬಡ್ಡಿ, ಹೆಚ್ಚಿದ ವಿದ್ಯುತ್ ಹೊರೆಯ ನಿಗದಿತ ಶುಲ್ಕ ಇದಕ್ಕೆ ಹೊರತು. ಹೀಗೆ ತಂದ ಎರಡನೆಯ ಪಂಪಿನ ಶಕ್ತಿಯಲ್ಲಿ ಬಹುಪಾಲು ಗೀರುಗಳ ಮೂಲಕ ಒಳಬರುವ ಹೊರಗಾಳಿಯನ್ನು ಹೀರಿ ಪುನಃ ಹೊರಕ್ಕೆ ಬಿಡುವುದರಲ್ಲಿಯೇ ವ್ಯಯವಾಗುತ್ತದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ ಎಂಬ ಗಾದೆ ಇಷ್ಟು ಯಥಾವತ್ತಾಗಿ ಅನ್ವಯಿಸುವ ಸಂದರ್ಭಗಳು ವಾಣಿಜ್ಯದಲ್ಲಿ ವಿರಳ.

ಪರ್ಯಾಯವೆಂದರೆ ಹಲಗೆಯನ್ನು ಆಗಾಗ್ಗೆ ಮಟ್ಟ ಹೆರೆಯುವುದು. ಅಗಲ ಬಾಯಿಯ ಬಿಟ್ಟನ್ನು ಹಾಕಿ ಯಂತ್ರದಿಂದಲೇ ಹಲಗೆಯ ಮೇಲ್ಮೈಯನ್ನು 0.3ರಿಂದ 0.5 ಮಿಲಿಮೀಟರಿನಷ್ಟು ತೆಗೆದರೆ ಗೀರುಗಳೂ ಹೋಗುತ್ತವೆ, ಪುಡಿ ಕೂತ ಪದರವೂ ಹೋಗುತ್ತದೆ. ಇದರ ವೆಚ್ಚವನ್ನೂ ಅಂಕಿಗಳಲ್ಲಿಯೇ ನೋಡಬಹುದು. 18 ಮಿಲಿಮೀಟರ್ ದಪ್ಪದ ಹಲಗೆಗೆ ರೂ. 2,000, ಯಂತ್ರದ ಒಂದು ಗಂಟೆಯ ದರ ರೂ. 600, ಹೊಸ ಹಲಗೆ ಕೂರಿಸಿ ಸಿದ್ಧಗೊಳಿಸಲು ನಾಲ್ಕು ಗಂಟೆ ಎಂದಿಟ್ಟುಕೊಂಡರೆ ಆರಂಭದ ವೆಚ್ಚ ರೂ. 4,400. ಎರಡೂ ಮುಖಗಳಿಂದ ಮೊದಲಿಗೆ ಅರ್ಧರ್ಧ ಮಿಲಿಮೀಟರ್ ತೆಗೆದರೆ ಉಳಿಯುವುದು 17. ಹಲಗೆ 10 ಮಿಲಿಮೀಟರಿಗೆ ಇಳಿಯುವವರೆಗೆ ಬಳಸಿದರೆ, ಸಲಕ್ಕೆ 0.4ರಂತೆ 17 ಬಾರಿ ಹೆರೆಯಬಹುದು. ಸಲಕ್ಕೆ ಹಲಗೆಯ ಪಾಲು ರೂ. 259. ಹೆರೆಯಲು, ಸ್ವಚ್ಛಗೊಳಿಸಲು, ಬಿಟ್ಟಿನ ಎತ್ತರವನ್ನು ಮರುಹೊಂದಿಸಲು ಒಟ್ಟು ಮುಕ್ಕಾಲು ಗಂಟೆ, ಅಂದರೆ ರೂ. 450. ಒಟ್ಟು ರೂ. 709. ವಾರಕ್ಕೊಮ್ಮೆ ಮಾಡಿದರೆ, 48 ಗಂಟೆಗಳ ವಾರದಲ್ಲಿ ಗಂಟೆಗೆ ಬೀಳುವ ಖರ್ಚು ಹದಿನೈದು ರೂಪಾಯಿ. ನಾಲ್ಕು ವಾರಕ್ಕೆ ರೂ. 2,836.

ರೂ. 3,500 ಬೆಲೆಯ ಒಂದೇ ಒಂದು ಲ್ಯಾಮಿನೇಟ್ ಹಚ್ಚಿದ ಶೀಟು ತಿಂಗಳಿಗೊಮ್ಮೆ ಜಾರಿ ಹಾಳಾದರೆ, ಹೆರೆಯದೆ ಉಳಿಸಿದ ಹಣಕ್ಕಿಂತ ಹೆಚ್ಚು ಹೋದಂತಾಯಿತು. ಮೇಲಿನ ಅಂಕಿಗಳು ಉದಾಹರಣೆಗಾಗಿ ಹಿಡಿದವು. ಪ್ರತಿಯೊಬ್ಬ ಉದ್ಯಮಿಯೂ ತನ್ನ ಬೆಲೆ, ತನ್ನ ದರ, ತನ್ನ ವಿದ್ಯುತ್ ಬಿಲ್ಲಿನ ಅಂಕಿಗಳನ್ನು ಇಲ್ಲಿಟ್ಟು ನೋಡಬೇಕು. ಉತ್ತರದಲ್ಲಿ ಹೆಚ್ಚುಕಡಿಮೆಯಾದೀತು, ತಕ್ಕಡಿ ವಾಲುವ ದಿಕ್ಕು ಬದಲಾಗುವುದು ಕಷ್ಟ.

ಇಷ್ಟು ಸರಳವಾದ ಲೆಕ್ಕ ಕಣ್ಣಿಗೆ ಬೀಳದಿರಲು ಕಾರಣವೇನು? ದೋಷದ ದೊಡ್ಡ ಪಾಲು ಲೆಕ್ಕ ಬರೆಯುವವರದು ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಹಲಗೆಯ ಖರೀದಿ ಕಚ್ಚಾವಸ್ತುವಿನ ಜೊತೆಗೇ ಬರುತ್ತದೆ. ಹತ್ತು ಶೀಟು ತರಿಸಿದಾಗ ಅದರಲ್ಲೊಂದು ಯಂತ್ರದ ಮೇಲೆ ಹೋಗುತ್ತದೆ, ಖಾತೆಯಲ್ಲಿ ಹತ್ತೂ "ಕಚ್ಚಾ ಸಾಮಗ್ರಿ"ಯೇ. ಜಾರಿ ಹಾಳಾದ ಶೀಟುಗಳೂ ಅದೇ ಖಾತೆಯಲ್ಲಿ ಮೌನವಾಗಿ ಕರಗುತ್ತವೆ. ಎರಡನೆಯ ಪಂಪಿನ ವಿದ್ಯುತ್ತು ಒಟ್ಟು ವಿದ್ಯುತ್ ಬಿಲ್ಲಿನಲ್ಲಿ ಸೇರಿಹೋಗುತ್ತದೆ. ಹೀಗೆ ಉಳಿತಾಯವೆಂದು ಭಾವಿಸಿದ್ದು ಒಂದು ಕಡೆ, ಅದರಿಂದಾದ ನಷ್ಟ ಮೂರು ಕಡೆ ಹಂಚಿಹೋಗಿ ವರ್ಷಾಂತ್ಯದ ತಃಖ್ತೆಯಲ್ಲಿ ಯಾವುದೂ ಗುರುತು ಸಿಗದಂತಾಗುತ್ತದೆ. ಚಹಾ-ತಿಂಡಿಯ ವೋಚರ್ ಕಾಣದಿದ್ದರೆ ನಾಲ್ಕು ಬಾರಿ ಕೇಳುವ ಲೆಕ್ಕ ಪರಿಶೋಧಕರು ಹಾಳಾದ ಶೀಟುಗಳೆಷ್ಟು ಎಂದು ಒಮ್ಮೆಯೂ ಕೇಳುವುದಿಲ್ಲ. ದಾಸ್ತಾನು ಮೌಲ್ಯಮಾಪನವನ್ನು ಕುರಿತ ಲೆಕ್ಕ ಮಾನದಂಡ 2, ಅಸಹಜ ಪ್ರಮಾಣದಲ್ಲಿ ವ್ಯರ್ಥವಾದ ಸಾಮಗ್ರಿಯ ವೆಚ್ಚವನ್ನು ದಾಸ್ತಾನಿನ ಬೆಲೆಗೆ ಸೇರಿಸಕೂಡದೆಂದು ವಿಧಿಸುತ್ತದೆ. ಸಹಜ ನಷ್ಟ ಯಾವುದು, ಅಸಹಜ ನಷ್ಟ ಯಾವುದು ಎಂದು ಬೇರ್ಪಡಿಸಬೇಕಾದರೆ ಮೊದಲು ಎಣಿಸಬೇಕು. ಎಣಿಕೆಯೇ ಇಲ್ಲದ ಕಡೆ ಮಾನದಂಡದ ಪಾಲನೆ ಕಾಗದದ ಮೇಲಿನದಷ್ಟೇ.

ಜಾಬ್ ವರ್ಕ್ ಮಾಡುವ ಘಟಕಗಳ ಪಾಡು ಇದಕ್ಕಿಂತ ಸೂಕ್ಷ್ಮವಾದುದು. ಅಲ್ಲಿ ಶೀಟು ಗ್ರಾಹಕನದು. ಗಂಟೆಗೆ ಇಷ್ಟು ಅಥವಾ ಶೀಟಿಗೆ ಇಷ್ಟು ಎಂದು ದರ ಒಪ್ಪಿಕೊಳ್ಳುವಾಗ ಪಕ್ಕದ ಶೆಡ್ಡಿನ ದರವನ್ನು ನೋಡಿ ಐವತ್ತು ರೂಪಾಯಿ ಕಡಿಮೆ ಹೇಳುವುದು ವಾಡಿಕೆಯಾಗಿದೆ. ಹಾಗೆ ಹೇಳಿದ ದರದಲ್ಲಿ ಹಲಗೆಯ ಹದಿನೈದು ರೂಪಾಯಿಗೆ ಜಾಗವೇ ಇರುವುದಿಲ್ಲ. ದರದಲ್ಲಿ ಇಲ್ಲದ್ದನ್ನು ಖರ್ಚು ಮಾಡಲು ಮಾಲೀಕರಿಗೆ ಮನಸ್ಸು ಬಾರದು. ಕೊನೆಗೆ ನಾಲ್ಕು ನೂರು ರೂಪಾಯಿ ಕೂಲಿಯ ಕೆಲಸದಲ್ಲಿ ಗ್ರಾಹಕನ ಮೂರೂವರೆ ಸಾವಿರದ ಶೀಟು ಹಾಳಾಗುತ್ತದೆ. ಮರದ ಎಳೆ ಹೊಂದಿಸಬೇಕಾದ ಲ್ಯಾಮಿನೇಟ್ ಆದರೆ ಅದೇ ಬ್ಯಾಚಿನ ಶೀಟು ಮತ್ತೆ ಸಿಗುತ್ತದೆಂಬ ಭರವಸೆಯೂ ಇಲ್ಲ. ಹಣ ತುಂಬಿಕೊಟ್ಟರೂ ಗೃಹಪ್ರವೇಶದ ಮುಹೂರ್ತಕ್ಕೆ ಅಡುಗೆಮನೆ ಸಿದ್ಧವಾಗದ ಗ್ರಾಹಕ ಎರಡನೆಯ ಬಾರಿ ಅದೇ ಶೆಡ್ಡಿಗೆ ಬರುವುದಿಲ್ಲ.

ಹಾಗೆಂದು ದಿನಬೆಳಗಾದರೆ ಹೆರೆಯುತ್ತ ಕೂರುವುದೂ ವಿವೇಕವಲ್ಲ. ಕೆಲವು ಘಟಕಗಳಲ್ಲಿ ಅತ್ಯುತ್ಸಾಹದಿಂದ ಸಲಕ್ಕೆ ಒಂದು ಮಿಲಿಮೀಟರಿನಂತೆ ತೆಗೆದು, ನಾಲ್ಕು ತಿಂಗಳು ಬಾಳಬೇಕಾದ ಹಲಗೆಯನ್ನು ಏಳು ವಾರಗಳಲ್ಲಿ ಮುಗಿಸುವುದುಂಟು. ಯಾವಾಗ ಹೆರೆಯಬೇಕೆಂಬುದನ್ನು ಕ್ಯಾಲೆಂಡರಿಗಿಂತ ಗೇಜು ಚೆನ್ನಾಗಿ ಹೇಳುತ್ತದೆ. ಹೊಸದಾಗಿ ಹೆರೆದ ದಿನ, ಮೇಜನ್ನು ಪೂರ್ತಿ ಮುಚ್ಚುವ ಲ್ಯಾಮಿನೇಟ್ ಶೀಟೊಂದನ್ನು ಇಟ್ಟು ಗೇಜಿನ ಅಂಕಿಯನ್ನು ಬರೆದುಕೊಳ್ಳಬೇಕು. ಬಳಿಕ ಪ್ರತಿ ಸೋಮವಾರ ಅದೇ ಶೀಟನ್ನಿಟ್ಟು ನೋಡಬೇಕು. ಅಂಕಿ ಗಮನಾರ್ಹವಾಗಿ ಇಳಿದಿದ್ದರೆ ಹೆರೆಯುವ ಕಾಲ ಬಂದಿದೆ. ಹೆರೆದ ಮೇಲೂ ಅಂಕಿ ಏರದಿದ್ದರೆ ದೋಷ ಬೇರೆಡೆ ಇದೆಯೆಂದರ್ಥ. ಪಂಪಿನ ಫಿಲ್ಟರಿನಲ್ಲಿ ಪುಡಿ ಕಟ್ಟಿರಬಹುದು, ಮೇಜಿನ ರಬ್ಬರ್ ಗ್ಯಾಸ್ಕೆಟ್ ಸವೆದಿರಬಹುದು, ಪೈಪಿನ ಜೋಡಣೆ ಸಡಿಲವಾಗಿರಬಹುದು. ಹಲಗೆಯ ಮೇಲೆ ಆರೋಪ ಹೊರಿಸುವ ಮೊದಲು ಇವನ್ನು ಪರಿಶೀಲಿಸುವುದು ಕ್ರಮ.

ಹಲಗೆ ಕೂರಿಸುವ ವಿಧಾನದಲ್ಲಿಯೂ ನಾಲ್ಕಾರು ಎಚ್ಚರಿಕೆಗಳಿವೆ. ಎಂಡಿಎಫ್‌ನ ಎರಡೂ ಹೊರಮುಖಗಳು ಒಳಭಾಗಕ್ಕಿಂತ ದಟ್ಟವಾಗಿರುವುದರಿಂದ, ಎರಡು ಕಡೆಯೂ ಹೆರೆಯದ ಹೊಸ ಹಲಗೆಯಲ್ಲಿ ಗಾಳಿ ಸರಾಗವಾಗಿ ಹಾಯದು. ಕೆಳಮುಖವನ್ನು ಬಿಟ್ಟು ಮೇಲ್ಮುಖವನ್ನಷ್ಟೇ ಹೆರೆದವರು ಅರ್ಧ ಕೆಲಸ ಮಾಡಿದಂತೆ. ಇದಕ್ಕೆ ವಿರುದ್ಧವಾಗಿ ಅಂಚುಗಳಲ್ಲಿ ಗಾಳಿ ಅತಿ ಸುಲಭವಾಗಿ ನುಗ್ಗುವುದರಿಂದ ನಾಲ್ಕು ಅಂಚಿಗೂ ಬಣ್ಣವನ್ನೋ ಮರದ ಅಂಟನ್ನೋ ಎರಡು ಸಲ ಬಳಿದು ಮುಚ್ಚಬೇಕು. ಹೆರೆದ ನಂತರ ಬಿಟ್ಟಿನ ಶೂನ್ಯ ಎತ್ತರವನ್ನು ಮರುಹೊಂದಿಸಲು ಮರೆತರೆ ಮರುದಿನದ ಮೊದಲ ಶೀಟು ಪೂರ್ತಿ ಕತ್ತರಿಸುವುದಿಲ್ಲ. ಹೆರೆದ ಮೇಲ್ಮೈಯ ಮೇಲೆ ಅಂಗೈ ಆಡಿಸಿದಾಗ ಮೆಟ್ಟಿಲು ಮೆಟ್ಟಿಲಾಗಿ ತಗುಲಿದರೆ ಸ್ಪಿಂಡಲ್ ಮೇಜಿಗೆ ನೇರವಾಗಿಲ್ಲವೆಂದು ತಿಳಿದು, ಮೊದಲು ಅದನ್ನು ಸರಿಪಡಿಸಿಕೊಳ್ಳಬೇಕು. ಚಿಕ್ಕ ಶೀಟು ಇಟ್ಟಾಗ ಬಯಲಾಗಿ ಉಳಿದ ಮೇಜಿನ ಭಾಗದ ವಾಲ್ವನ್ನು ಮುಚ್ಚುವುದು, ವಾಲ್ವ್ ಇಲ್ಲದಿದ್ದರೆ ಲ್ಯಾಮಿನೇಟಿನ ತುಂಡುಗಳನ್ನು ಹಾಸುವುದು ಖರ್ಚಿಲ್ಲದ ಉಪಾಯ. ಕರಾವಳಿಯ ಘಟಕಗಳಲ್ಲಿ ಮಳೆಗಾಲದ ತೇವಕ್ಕೆ ಎಂಡಿಎಫ್ ಉಬ್ಬುವುದರಿಂದ, ಯಂತ್ರ ನಾಲ್ಕು ದಿನ ನಿಂತು ಮತ್ತೆ ಹೊರಟಾಗ ಗೇಜು ಏನೇ ಹೇಳಲಿ, ಮೇಲ್ಮೈಯ ಮಟ್ಟವನ್ನು ನೋಡಿಕೊಂಡೇ ಕೆಲಸ ತೊಡಗುವುದು ಕ್ಷೇಮ.

ಹೆರೆಯುವಾಗ ಏಳುವ ಪುಡಿಯ ಬಗ್ಗೆ ಉದಾಸೀನ ಸಲ್ಲದು. ಎಂಡಿಎಫ್ ಎಂದರೆ ಸಾಮಾನ್ಯವಾಗಿ ಫಾರ್ಮಾಲ್ಡಿಹೈಡ್ ಆಧಾರಿತ ಅಂಟಿನಿಂದ ಒತ್ತಿದ ಮರದ ನಾರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮರದ ಪುಡಿಯನ್ನು 1995ರಲ್ಲಿಯೂ ಫಾರ್ಮಾಲ್ಡಿಹೈಡನ್ನು 2004ರಲ್ಲಿಯೂ ಮನುಷ್ಯರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಗುಂಪಿಗೆ ಸೇರಿಸಿದೆ. ಕರವಸ್ತ್ರ ಕಟ್ಟಿಕೊಂಡು ನಿಲ್ಲುವ ಆಪರೇಟರಿಗೆ ಸರಿಯಾದ ಮುಖಗವಸು, ಯಂತ್ರಕ್ಕೆ ಪುಡಿ ಹೀರುವ ವ್ಯವಸ್ಥೆ, ಇವೆರಡೂ ಇಲ್ಲದೆ ಹೆರೆಯುವ ಕೆಲಸಕ್ಕೆ ಕೈಹಾಕಬಾರದು. ಹಲಗೆಯ ಮೇಲಿನ ಪುಡಿಯನ್ನು ಕಂಪ್ರೆಸರ್ ಗಾಳಿಯಿಂದ ಊದುವ ಅಭ್ಯಾಸವಂತೂ ಎರಡು ರೀತಿಯಲ್ಲಿ ಹಾನಿ. ಅರ್ಧ ಪುಡಿ ಉಸಿರಿಗೆ ಹೋಗುತ್ತದೆ, ಉಳಿದರ್ಧ ಹಲಗೆಯ ರಂಧ್ರಗಳೊಳಕ್ಕೆ ಹೋಗುತ್ತದೆ.

ಇವೆಲ್ಲವನ್ನೂ ಮಾಡಬೇಕಾದವರು ಆಪರೇಟರ್. ಅವರಿಗೆ ಸಂಬಳ ಹೇಗೆ ಸಲ್ಲುತ್ತಿದೆ ಎಂಬುದರ ಮೇಲೆ ಹಲಗೆಯ ಭವಿಷ್ಯ ನಿಂತಿದೆ. ಶೀಟಿಗಿಷ್ಟು ಎಂದು ಕೂಲಿ ಪಡೆಯುವ ಆಪರೇಟರ್ ಮುಕ್ಕಾಲು ಗಂಟೆ ಹೆರೆಯುತ್ತ ನಿಂತರೆ ಅಷ್ಟು ಹೊತ್ತಿನ ಗಳಿಕೆ ಅವರ ಜೇಬಿನಿಂದ ಹೋಗುತ್ತದೆ. ಹಾಳಾದ ಶೀಟಿನ ನಷ್ಟ ಮಾಲೀಕರದು, ಹೆರೆಯುವ ಸಮಯದ ನಷ್ಟ ಆಪರೇಟರಿನದು ಎಂಬ ಏರ್ಪಾಡಿನಲ್ಲಿ ಹಲಗೆ ಹಾಳಾಗದೆ ಇನ್ನೇನಾದೀತು? ಆ ಮುಕ್ಕಾಲು ಗಂಟೆಯನ್ನು ಎರಡು ಶೀಟಿನ ಕೆಲಸಕ್ಕೆ ಸಮವೆಂದು ಎಣಿಸಿ ಕೂಲಿ ಕೊಡುವುದು ನ್ಯಾಯವೂ ಹೌದು, ಲಾಭವೂ ಹೌದು. ಜೊತೆಗೆ, ಗೇಜಿನ ಅಂಕಿ ಇಳಿದಾಗ ಯಂತ್ರ ನಿಲ್ಲಿಸಿ ಹೆರೆಯುವ ಅಧಿಕಾರ ಆಪರೇಟರಿಗೇ ಇರಬೇಕು. ಅರ್ಜೆಂಟ್ ಆರ್ಡರಿನ ನೆಪದಲ್ಲಿ ಮಾಲೀಕರು ಅದನ್ನು ತಡೆದ ದಿನವೇ ಶೀಟು ಜಾರುವುದು ಹೆಚ್ಚು.

ತೆರಿಗೆಯ ವಿಷಯ ಹೆಚ್ಚು ತೊಡಕಿನದಲ್ಲ. ಹಲಗೆ ಯಂತ್ರದ ಭಾಗದಂತೆ ಕಂಡರೂ ಅದರ ಬೆಲೆಯನ್ನು ಯಂತ್ರದ ಮೌಲ್ಯಕ್ಕೆ ಸೇರಿಸಿ ಸವಕಳಿ ಕೇಳುವ ಅಗತ್ಯವಿಲ್ಲ. ದಿನನಿತ್ಯದ ನಿರ್ವಹಣೆಯ ವೆಚ್ಚವನ್ನು ನೇರವಾಗಿ ಲಾಭ-ನಷ್ಟ ಖಾತೆಗೆ ಒಯ್ಯಬೇಕೆಂಬುದೇ ಲೆಕ್ಕ ಮಾನದಂಡ 10ರ ನಿಲುವು. ಜಿಎಸ್‌ಟಿಯಲ್ಲಿ ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕುಗಳ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದೆಂಬ ನಿಯಮವಿದೆ. ಉತ್ಪಾದನೆಯಲ್ಲಿ ಬಳಕೆಯಾಗಿ ಸವೆದ ಹಲಗೆ ಆ ಗುಂಪಿಗೆ ಸೇರದು. ಆದರೆ ಖರೀದಿಯ ದಿನವೇ ಅದನ್ನು ಕಚ್ಚಾ ಸಾಮಗ್ರಿಯಿಂದ ಬೇರ್ಪಡಿಸಿ "ಬಳಕೆ ಸಾಮಗ್ರಿ" ಖಾತೆಗೆ ಬರೆದಿಟ್ಟಿದ್ದರೆ, ಹತ್ತು ಶೀಟು ಕೊಂಡು ಒಂಬತ್ತರ ಉತ್ಪನ್ನವನ್ನಷ್ಟೇ ತೋರಿಸಿದ್ದೇಕೆ ಎಂಬ ಅಧಿಕಾರಿಗಳ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

ಆ ಖಾತೆಯ ಜೊತೆಗೆ ಯಂತ್ರದ ಪಕ್ಕದಲ್ಲಿ ನೂರು ಪುಟದ ಒಂದು ನೋಟ್ ಪುಸ್ತಕ ಸಾಕು. ಹೆರೆದ ದಿನಾಂಕ, ಉಳಿದ ದಪ್ಪ, ಗೇಜಿನ ಅಂಕಿ, ಆ ವಾರ ಹಾಳಾದ ಶೀಟುಗಳ ಸಂಖ್ಯೆ ಎಂಬ ನಾಲ್ಕು ಕಲಂಗಳನ್ನು ಎಳೆದು ಆಪರೇಟರ್ ಕೈಗೆ ಕೊಡಬೇಕು. ಮೂರು ತಿಂಗಳ ಬಳಿಕ ಆ ಪುಸ್ತಕವನ್ನು ಮುಂದಿಟ್ಟುಕೊಂಡು ಜಾಬ್ ವರ್ಕಿನ ದರ ಪರಿಷ್ಕರಿಸಲು ಹೊರಟ ಮಾಲೀಕರು, ಪಕ್ಕದ ಶೆಡ್ಡಿನ ದರ ಎಷ್ಟು ಎಂಬುದನ್ನು ಕೊನೆಯಲ್ಲಿ ವಿಚಾರಿಸಿದರೂ ನಡೆದೀತು.